ಫಿಸಿಕ್ಸ್ ಓದಲು ಹೊರಟವರಿಗೆ ಮೂರು ತಿಂಗಳ ಪೆನ್ಸಿಲ್ ಕೆಲಸ

ಸಂಪಾದಕರಿಗೆ,

ಮಾನ್ಯರೇ,

ದ್ವಿತೀಯ ಪಿಯುಸಿ ಫಲಿತಾಂಶ ಬಂದ ಮೇಲೆ ನಿಮ್ಮ ಪತ್ರಿಕೆಯಲ್ಲಿ 'ಮುಂದೇನು' ಅಂತ ಪುಟಗಟ್ಟಲೆ ಬಂತು. ಒಂದೂ ಬಿಡದೆ ಓದಿದೆ. ಎಂಜಿನಿಯರಿಂಗ್ ಬಂತು, ಮೆಡಿಕಲ್ ಬಂತು, ನರ್ಸಿಂಗ್, ಕೃಷಿ, ಅನಿಮೇಷನ್ ಕೂಡ ಬಂತು. ಬಿಎಸ್ಸಿಗೆ ಸಿಕ್ಕಿದ್ದು ಎರಡೇ ಸಾಲು. ಮೂಲ ವಿಜ್ಞಾನದಲ್ಲಿ ಆಸಕ್ತಿ ಇರುವವರು ಸೇರಬಹುದು ಅಂತ. ಸೇರಬಹುದು, ಸರಿ. ಸೇರುವ ಮುಂಚೆ ಏನು ಮಾಡಿಕೊಂಡಿರಬೇಕು ಅಂತ ಯಾರೂ ಬರೆಯಲಿಲ್ಲ. ಅದಕ್ಕೇ ಈ ಪತ್ರ. ಉದ್ದವಾಯಿತು ಅನಿಸಿದರೆ ಕತ್ತರಿ ಹಾಕಿ, ಬೇಜಾರಿಲ್ಲ.

ನನ್ನದು ತೀರ್ಥಹಳ್ಳಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ತೋಟದ ಪಂಪ್‌ಸೆಟ್ಟು, ಅಡಿಕೆ ಸುಲಿಯುವ ಯಂತ್ರದ ಮೋಟಾರು, ಮಿಕ್ಸಿ, ಸುಟ್ಟು ಹೋದದ್ದೆಲ್ಲ ನನ್ನ ಟೇಬಲ್ಲಿಗೆ ಬರುತ್ತದೆ. ಇಂಥವನಿಗೆ ಫಿಸಿಕ್ಸ್ ಡಿಗ್ರಿಯ ಉಸಾಬರಿ ಎಂತಕ್ಕೆ ಅಂತ ನೀವು ಕೇಳಬಹುದು. ನಾನೂ ಬಿಎಸ್ಸಿ, ಪಿಸಿಎಂ, ಅಂದರೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ. 1992ರಲ್ಲಿ ಸೇರಿದೆ. ಮೂರು ವರ್ಷದ ಡಿಗ್ರಿಯನ್ನು ನಾಲ್ಕು ವರ್ಷಕ್ಕೆ ಮುಗಿಸಿದೆ. ಆ ಜಾಸ್ತಿಯಾದ ಒಂದು ವರ್ಷದ ಕಥೆ ಮೊದಲು ಹೇಳುತ್ತೇನೆ.

ಹತ್ತನೇ ತರಗತಿವರೆಗೆ ನಾನು ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಗೈಡ್ ಉರು ಹೊಡೆದು ಫಸ್ಟ್ ಕ್ಲಾಸ್ ತೆಗೆದೆ. ಪರೀಕ್ಷೆ ಮುಗಿದದ್ದೇ ಮೂರು ತಿಂಗಳು ರಜೆ. ಹಲಸಿನ ಹಪ್ಪಳ, ತುಂಗಾ ಹೊಳೆ, ಅಕ್ಕನ ಮದುವೆ ಓಡಾಟ. ಪುಸ್ತಕ ಮುಟ್ಟಲಿಲ್ಲ. ಡಿಗ್ರಿಯ ಮೊದಲ ವಾರ ಲೆಕ್ಚರರ್ ಬೋರ್ಡಿನ ಮೇಲೆ ಒಂದು ತಲೆಕೆಳಗಾದ ತ್ರಿಕೋನ ಬರೆದರು. ಡೆಲ್ಟಾ ಬರೆಯಲು ಹೋಗಿ ಉಲ್ಟಾ ಬರೆದರೇನೋ ಅಂದುಕೊಂಡೆ. ಪಕ್ಕದವನನ್ನು ಮೆಲ್ಲಗೆ ಕೇಳಿದೆ. ಅವನೂ ಹಾಗೇ ಅಂದುಕೊಂಡಿದ್ದ. ಅದರ ಹೆಸರು 'ಡೆಲ್', ಅದೊಂದು ಬೇರೆಯೇ ಚಿಹ್ನೆ ಅಂತ ತಲೆಗೆ ಹೋಗುವಷ್ಟರಲ್ಲಿ ದೀಪಾವಳಿ ಬಂದಿತ್ತು.

ಡಿವೈ ಬೈ ಡಿಎಕ್ಸ್ ಲೆಕ್ಕ ನನಗೆ ಬರುತ್ತಿತ್ತು. ಎಕ್ಸ್ ಸ್ಕ್ವೇರ್ ಕೊಟ್ಟರೆ ಎರಡು ಎಕ್ಸ್ ಬರೆಯುತ್ತಿದ್ದೆ, ಸೈನ್ ಕೊಟ್ಟರೆ ಕಾಸ್. ಅದು ಗೆರೆಯ ಇಳಿಜಾರು ಅಂತ ಮಾತ್ರ ಗೊತ್ತಿರಲಿಲ್ಲ. ಗುಡ್ಡದ ಮೇಲೆ ಹುಟ್ಟಿ ಬೆಳೆದವನಿಗೆ ಇಳಿಜಾರು ಗೊತ್ತಿರಲಿಲ್ಲ ನೋಡಿ! ಆಗ ಸೆಮಿಸ್ಟರ್ ಇರಲಿಲ್ಲ, ವರ್ಷಕ್ಕೊಂದೇ ಪರೀಕ್ಷೆ. ಗಣಿತದಲ್ಲೂ ಹೋಯಿತು, ಫಿಸಿಕ್ಸಿನಲ್ಲೂ ಹೋಯಿತು. ಮನೆಗೆ ಬಂದು ಕೂತೆ.

ನಮ್ಮ ಊರಲ್ಲಿ ಒಬ್ಬರು ರಿಟೈರ್ಡ್ ಹೈಸ್ಕೂಲು ಮೇಷ್ಟ್ರು ಇದ್ದರು. ಅಪ್ಪ ಅವರ ಜಗಲಿಗೆ ಕರೆದುಕೊಂಡು ಹೋಗಿ ಬಿಟ್ಟುಬಂದರು. ಮೇಷ್ಟ್ರು ಪುಸ್ತಕ ತೆಗೆಯಲಿಲ್ಲ. ಒಂದು ಹಾಳೆ, ಒಂದು ಪೆನ್ಸಿಲ್ ಕೊಟ್ಟು, "ಒಂದರ ಕೆಳಗೆ ಎಕ್ಸ್ ಇದ್ದರೆ ಅದು ನೋಡಲಿಕ್ಕೆ ಹೇಗಿರ್ತದೆ, ಬರಿ" ಅಂದರು. ನನಗೆ ಬರಲಿಲ್ಲ. ಎಕ್ಸ್ ಸೊನ್ನೆಯ ಹತ್ತಿರ ಹೋದರೆ ಏನಾಗುತ್ತದೆ, ತುಂಬಾ ದೊಡ್ಡದಾದರೆ ಏನಾಗುತ್ತದೆ, ಮೈನಸ್ ಆದರೆ ಎಲ್ಲಿಗೆ ಹಾರುತ್ತದೆ, ಇಷ್ಟೇ ಕೇಳುತ್ತಾ ಹೋದರು. ಸಂಜೆಗೆ ಒಂದು ಗೆರೆ. ಮಳೆಗಾಲ ಪೂರ್ತಿ ಹೀಗೇ ಹೋಯಿತು. ಎಕ್ಸ್ ಸ್ಕ್ವೇರ್, ಸೈನ್, ಲಾಗ್, ಇ ಟು ದ ಮೈನಸ್ ಎಕ್ಸ್. ಆಮೇಲೆ ಒಂದಕ್ಕೊಂದು ಗುಣಿಸಿದರೆ ಹೇಗೆ. ಇ ಟು ದ ಮೈನಸ್ ಎಕ್ಸನ್ನು ಸೈನಿನಿಂದ ಗುಣಿಸಿದ ಗೆರೆ ಕೈಯಲ್ಲಿ ಮೂಡಿದ ದಿನ, ತೊಟ್ಟಿಲು ತೂಗಿ ಬಿಟ್ಟರೆ ನಿಧಾನ ನಿಲ್ಲುವುದು ಇದೇ ಅಲ್ವಾ ಅಂತ ನಾನೇ ಹೇಳಿದೆ. ಮೇಷ್ಟ್ರು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರು, ಅಷ್ಟೇ. ಹೊಗಳುವ ಅಭ್ಯಾಸ ಅವರಿಗಿರಲಿಲ್ಲ. ಮುಂದಿನ ವರ್ಷ ಎರಡೂ ವಿಷಯ ಪಾಸಾದೆ.

ಈ ವರ್ಷ ನನ್ನ ಮಗಳು ಪಿಯುಸಿ ಮುಗಿಸಿದ್ದಾಳೆ. ಶಿವಮೊಗ್ಗದಲ್ಲಿ ಬಿಎಸ್ಸಿ ಸೇರುತ್ತೇನೆ, ಫಿಸಿಕ್ಸ್ ಓದುತ್ತೇನೆ ಅಂದಳು. ನೆಂಟರ ಮುಖ ನೋಡಬೇಕಿತ್ತು. "ಸಿಇಟಿ ರ‍್ಯಾಂಕ್ ಇದ್ದೂ ಬಿಎಸ್ಸಿಯಾ?" ಅಂದವರೇ ಜಾಸ್ತಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ ಇದೆ, ಜಾಮ್ ಪರೀಕ್ಷೆ ಬರೆದು ಐಐಟಿಗಳಲ್ಲೂ ಎಂಎಸ್ಸಿ ಸೇರಬಹುದು ಅಂತ ಅವಳೇ ಎಲ್ಲರಿಗೂ ಹೇಳಿ ಹೇಳಿ ಸುಸ್ತಾದಳು. ಅದು ಬೇರೆ ವಿಷಯ, ಬಿಡಿ.

ನನಗೆ ಚಿಂತೆ ಇದ್ದದ್ದು ಈ ನಡುವಿನ ತಿಂಗಳುಗಳದ್ದು. ಮಾರ್ಚಿನಲ್ಲಿ ಪರೀಕ್ಷೆ ಮುಗಿಯುತ್ತದೆ, ಆಮೇಲೆ ಸಿಇಟಿ. ಡಿಗ್ರಿ ತರಗತಿ ಶುರುವಾಗುವುದು ಮಳೆ ಹಿಡಿದ ಮೇಲೆ. ಅವಳು ಮೊಬೈಲಿನಲ್ಲಿ ಕ್ವಾಂಟಂ ವಿಡಿಯೋ ನೋಡುತ್ತಾ ಕೂತಳು. ಬೆಕ್ಕು ಸತ್ತಿದೆಯೋ ಬದುಕಿದೆಯೋ, ಬ್ಲ್ಯಾಕ್ ಹೋಲಿನ ಒಳಗೆ ಹೋದರೆ ಏನಾಗುತ್ತದೋ. ನೋಡಲಿ, ಆಸೆ ಹುಟ್ಟಿಸುವುದು ಅದೇ. ಆದರೆ ಮೊದಲ ಸೆಮಿಸ್ಟರಿನಲ್ಲಿ ಬೆಕ್ಕು ಬರುವುದಿಲ್ಲ. ಬರುವುದು ಹೆಚ್ಚಾಗಿ ಮೆಕ್ಯಾನಿಕ್ಸ್. ತಿರುಗುವ ಚಕ್ರ, ತೂಗುವ ಗುಂಡು, ಬಾಗುವ ಕಂಬಿ. ಮತ್ತೆ ಅದರ ಹಿಂದೆ ಗಣಿತ.

ಒಂದು ದಿನ ಅವಳಿಗೆ ಪಿಯುಸಿ ಪುಸ್ತಕದ್ದೇ ಒಂದು ಲೆಕ್ಕ ಕೊಟ್ಟೆ, ಆಯ್ಕೆ ಕೊಡದೆ. ಎರಡು ನಿಮಿಷ ನೋಡಿ ಪುಸ್ತಕ ಮುಚ್ಚಿದಳು. "ಆಪ್ಷನ್ ಇಲ್ದೆ ಹೆಂಗೆ ಮಾಡದು ಅಪ್ಪ?" ಅಂದಳು. ತಪ್ಪು ಅವಳದ್ದಲ್ಲ. ಸಿಇಟಿಯಲ್ಲಿ ಫಿಸಿಕ್ಸಿಗೆ 80 ನಿಮಿಷ, 60 ಪ್ರಶ್ನೆ. ಒಂದಕ್ಕೆ ಒಂದು ನಿಮಿಷ ಇಪ್ಪತ್ತು ಸೆಕೆಂಡು. ಎರಡು ವರ್ಷ ಇದನ್ನೇ ಮಾಡಿದ ಮಕ್ಕಳಿಗೆ ಒಂದು ಲೆಕ್ಕದ ಮುಂದೆ ಒಂದು ಗಂಟೆ ಕೂರುವುದು ಮರೆತೇ ಹೋಗಿರುತ್ತದೆ. ಉತ್ತರ ನಾಲ್ಕರಲ್ಲಿ ಒಂದು ಅಲ್ಲ ಅಂದರೆ ಕೈ ನಡುಗುತ್ತದೆ. ಡಿಗ್ರಿಯಲ್ಲಿ ಎಲ್ಲವೂ ಹಾಗೇ ಇರುತ್ತದೆ.

ಅದಕ್ಕೇ ನನ್ನ ಸಲಹೆ ಇಷ್ಟು. ಮೊದಲ ಸೆಮಿಸ್ಟರಿನ ಪುಸ್ತಕ ತಂದು ಮುಂದಕ್ಕೆ ಓದಬೇಡಿ. ತುಂಬಾ ಜನ ಹಾಗೆ ಹೇಳುತ್ತಾರೆ, ನನಗೆ ಒಪ್ಪಿಗೆ ಇಲ್ಲ. ಹಿಂದಕ್ಕೆ ಹೋಗಿ. ಪಿಯುಸಿ ಮೊದಲ ವರ್ಷದ ಫಿಸಿಕ್ಸ್ ಪುಸ್ತಕ ಮನೆಯಲ್ಲೇ ಇರುತ್ತದೆ, ಎರಡೂ ಭಾಗ. ಅದರಲ್ಲಿ ಚಲನೆ, ಬಲ, ಶಕ್ತಿ, ತಿರುಗುವಿಕೆ, ಆಂದೋಲನ ಇಷ್ಟನ್ನು ಪೆನ್ಸಿಲ್ ಹಿಡಿದು ಮತ್ತೆ ಮಾಡಿ. ಒಂದು ದಿನಕ್ಕೆ ಮೂರು ಲೆಕ್ಕ ಆದರೆ ಸಾಕು. ಆದರೆ ಪ್ರತಿ ಲೆಕ್ಕಕ್ಕೂ ಚಿತ್ರ ಬರೆಯಿರಿ. ಉತ್ತರ ಬಂದ ಮೇಲೆ ಅದರ ಯೂನಿಟ್ ಸರಿ ಇದೆಯಾ ನೋಡಿ. ಮೀಟರ್ ಬರಬೇಕಾದಲ್ಲಿ ಮೀಟರ್ ಪರ್ ಸೆಕೆಂಡ್ ಬಂದರೆ ಎಲ್ಲೋ ತಪ್ಪಿದ್ದೀರಿ, ಉತ್ತರಪುಟ ತಿರುಗಿಸುವುದೇ ಬೇಡ. ಗಣಿತದಲ್ಲಿ ಡೆರಿವೇಟಿವ್, ಇಂಟಿಗ್ರಲ್, ವೆಕ್ಟರಿನ ಡಾಟ್ ಮತ್ತು ಕ್ರಾಸ್, ಕಾಂಪ್ಲೆಕ್ಸ್ ನಂಬರ್. ಇಷ್ಟು ಕೈಗೆ ಹತ್ತಿದ್ದರೆ ಮೊದಲ ವರ್ಷ ಯಾರೂ ನಿಮ್ಮನ್ನು ಬೀಳಿಸುವುದಿಲ್ಲ. ದಪ್ಪ ದಪ್ಪ ಪುಸ್ತಕಕ್ಕೆ ದುಡ್ಡು ಹಾಕಬೇಡಿ, ಕಾಲೇಜು ಲೈಬ್ರರಿಯಲ್ಲಿ ಅವೆಲ್ಲ ಧೂಳು ಹಿಡಿದು ಕೂತಿರುತ್ತವೆ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಮಾತು. ನಿಮ್ಮ ಕನ್ನಡ ಪದಗಳನ್ನು ಬಿಸಾಕಬೇಡಿ. ಹೈಸ್ಕೂಲಿನಲ್ಲಿ ಜವ ಬೇರೆ, ವೇಗ ಬೇರೆ ಅಂತ ಓದಿದ್ದೀರಿ. ದಿಕ್ಕು ಸೇರಿದರೆ ವೇಗ, ಸೇರದಿದ್ದರೆ ಜವ. ಅದನ್ನೇ ಸ್ಪೀಡ್, ವೆಲಾಸಿಟಿ ಅಂತ ಒಂದು ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದುಕೊಳ್ಳಿ. ವೇಗೋತ್ಕರ್ಷ, ಸಂವೇಗ, ಜಡತ್ವ, ವಕ್ರೀಭವನ, ಹೀಗೆ ನೂರು ಪದ ಆಗಬಹುದು. ಒಂದು ವಾರದ ಕೆಲಸ. ನನಗೆ ಅದನ್ನು ಯಾರೂ ಹೇಳದೆ, ವಿಷಯ ಗೊತ್ತಿದ್ದೂ ಪದ ಗೊತ್ತಾಗದೆ ಹಿಂದಿನ ಬೆಂಚಿನಲ್ಲಿ ಕೂತಿದ್ದೆ.

ಇನ್ನು ಅಳತೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ನನ್ನ ಹೊಟ್ಟೆಪಾಡೇ ಅದು.

ಮಗಳಿಗೆ ಅಂಗಡಿಯಿಂದ ಒಂದು ಹಳೆ ಬೇರಿಂಗ್ ತಂದುಕೊಟ್ಟೆ. 6206 ನಂಬರಿನದ್ದು, ಹೊರಗಿನ ವ್ಯಾಸ 62 ಮಿಲಿಮೀಟರ್. ದಾರ ಕಟ್ಟಿ ಜಗಲಿಯ ತೊಲೆಗೆ ನೇತುಹಾಕು, ಜಿ ಎಷ್ಟು ಅಂತ ಕಂಡುಹಿಡಿ ಅಂದೆ. ಜಿ ಅಂದರೆ ಭೂಮಿಯ ಎಳೆತಕ್ಕೆ ಬೀಳುವ ವಸ್ತುವಿನ ವೇಗ ಒಂದೊಂದು ಸೆಕೆಂಡಿಗೆ ಎಷ್ಟು ಏರುತ್ತದೆ ಅನ್ನುವುದು. ಸೂತ್ರ ಅವಳಿಗೆ ಬಾಯಿಪಾಠ. ಉದ್ದವನ್ನು ಜಿಯಿಂದ ಭಾಗಿಸಿ, ಅದರ ವರ್ಗಮೂಲ ತೆಗೆದು, ಎರಡು ಪೈಯಿಂದ ಗುಣಿಸಿದರೆ ಅವಧಿ, ಅಂದರೆ ಒಮ್ಮೆ ಹೋಗಿ ವಾಪಸ್ ಬರುವ ಹೊತ್ತು. ದಾರ ಅಳೆದಳು, 96.9 ಸೆಂಟಿಮೀಟರ್. ಮೊಬೈಲಿನ ಸ್ಟಾಪ್‌ವಾಚ್ ಇಟ್ಟುಕೊಂಡು 20 ಸಲ ಹೋಗಿ ಬರುವುದನ್ನು ಎಣಿಸಿದಳು, 40.2 ಸೆಕೆಂಡ್. ಲೆಕ್ಕ ಹಾಕಿದರೆ ಜಿ 9.47 ಬಂತು. ಪುಸ್ತಕದಲ್ಲಿ 9.8. "ಮೊಬೈಲ್ ಸರಿ ಇಲ್ಲ" ಅಂದಳು. ನಾನು ಸುಮ್ನೆ ಇದ್ದೆ. ಮತ್ತೆ ಎಣಿಸಿದಳು, ಅಷ್ಟೇ ಬಂತು. ದಾರ ಮತ್ತೆ ಅಳೆದಳು, ಅಷ್ಟೇ ಬಂತು. ಊಟ ಮಾಡಿ, ಕೈ ತೊಳೆದುಕೊಂಡು ಬಂದು ಬೇರಿಂಗನ್ನೇ ನೋಡುತ್ತಾ ನಿಂತಳು. ದಾರ ಮುಗಿಯುವುದು ಬೇರಿಂಗಿನ ತಲೆಯಲ್ಲಿ. ತೂಕ ಇರುವುದು ಅದರ ನಡುವಿನಲ್ಲಿ. ಉದ್ದವನ್ನು ನಡುವಿನವರೆಗೆ ತೆಗೆದುಕೊಳ್ಳಬೇಕು, ಅಂದರೆ ಇನ್ನೂ 3.1 ಸೆಂಟಿಮೀಟರ್ ಸೇರಿಸಬೇಕು. ಈಗ ಉದ್ದ ಸರಿಯಾಗಿ ಒಂದು ಮೀಟರ್. ಜಿ 9.77.

ಅಲ್ಲಿಗೂ ಬಿಡಲಿಲ್ಲ ಅವಳು. 9.8 ಯಾಕೆ ಬರಲಿಲ್ಲ ಅಂತ ಹುಡುಕಿದಳು. ಭೂಮಧ್ಯರೇಖೆಗೆ ಹತ್ತಿರ ಬಂದಷ್ಟೂ ಜಿ ಕಡಿಮೆಯಾಗುತ್ತದೆ, ನಮ್ಮ ಕಡೆ ಅದು 9.78ರ ಆಸುಪಾಸು. ಅವಳ ಅಳತೆ ಅಲ್ಲಿಗೇ ಬಂದು ನಿಂತಿತ್ತು. ಹಾಗಂತ ಜಂಬ ಪಡುವ ಹಾಗಿಲ್ಲ. 40.2 ಸೆಕೆಂಡಿನಲ್ಲಿ ಬೆರಳು ಒತ್ತುವುದು 0.2 ಸೆಕೆಂಡ್ ಆಚೀಚೆ ಆದರೆ ಜಿ ನೂರಕ್ಕೆ ಒಂದು ಭಾಗ ಆಚೀಚೆ ಆಗುತ್ತದೆ. ಅವಧಿಯ ವರ್ಗ ಇದೆಯಲ್ಲ, ತಪ್ಪು ಎರಡು ಪಟ್ಟಾಗುತ್ತದೆ. ಇದನ್ನು ಅವಳ ಕೈಯಲ್ಲೇ ಲೆಕ್ಕ ಹಾಕಿಸಿದೆ. ಆಮೇಲೆ 30 ಡಿಗ್ರಿಯಷ್ಟು ಎಳೆದು ಬಿಟ್ಟು ನೋಡು ಅಂದೆ. ಅವಧಿ ನೂರಕ್ಕೆ ಒಂದೂ ಮುಕ್ಕಾಲರ ಹತ್ತಿರ ಜಾಸ್ತಿಯಾಗಬೇಕು. ಪುಸ್ತಕದ ಸೂತ್ರ ಸಣ್ಣ ಕೋನಕ್ಕೆ ಮಾತ್ರ ಅಂತ ಬರೆದಿರುತ್ತದೆ, ನಾವು ಓದಿ ದಾಟಿಬಿಡುತ್ತೇವೆ ಅಲ್ವಾ? 5 ಡಿಗ್ರಿಗೆ ಸೈನ್ 0.0872, ರೇಡಿಯನ್ನಿನಲ್ಲಿ ಕೋನ 0.0873. ಹೆಚ್ಚುಕಡಿಮೆ ಒಂದೇ. 30 ಡಿಗ್ರಿಗೆ 0.5 ಮತ್ತು 0.5236. ಒಂದೇ ಅಲ್ಲ. ಡಿಗ್ರಿಯಲ್ಲಿ ಟೇಲರ್ ಸೀರೀಸ್ ಅಂತ ಬರುವುದು ಇದೇ ಅಂತರದ ಲೆಕ್ಕ.

ಜೂನ್ ಮೊದಲ ವಾರ ಮಳೆ ಶುರುವಾಯಿತು. ಅಂಗಡಿಯಲ್ಲಿ ಕರೆಂಟ್ ಇಲ್ಲ, ಕೆಲಸ ಇಲ್ಲ. ಆಗುಂಬೆ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುತ್ತದೆ, ಅದರ ಪಾಲು ನಮಗೂ ಇದೆ. ಒಂದು ಕಿಲೋಮೀಟರ್ ಮೇಲಿನಿಂದ ಒಂದು ಹನಿ ಬಿದ್ದರೆ ನೆಲ ಮುಟ್ಟುವಾಗ ಎಷ್ಟು ವೇಗ ಅಂತ ಕೇಳಿದೆ. ಪಿಯುಸಿ ಸೂತ್ರ ಹಾಕಿ 140 ಮೀಟರ್ ಪರ್ ಸೆಕೆಂಡ್ ಅಂದಳು. ಅಂದರೆ ಗಂಟೆಗೆ 504 ಕಿಲೋಮೀಟರ್! ಹಾಗಾಗಿದ್ದರೆ ನಮ್ಮಜ್ಜನ ಕಾಲದಲ್ಲಿ ಮಳೆಗೆ ಹೊದೆಯುತ್ತಿದ್ದ ಗೊರಬು ಏನು, ಮನೆಯ ಹೆಂಚೇ ಉಳಿಯುತ್ತಿರಲಿಲ್ಲ. ಗಾಳಿ ತಡೆಯುತ್ತದೆ. ವೇಗ ಹೆಚ್ಚಿದಷ್ಟೂ ತಡೆ ಹೆಚ್ಚು, ಅದೂ ವೇಗದ ವರ್ಗದಷ್ಟು. ದೊಡ್ಡ ಹನಿಗೆ ಸೆಕೆಂಡಿಗೆ 9 ಮೀಟರ್ ಆದಾಗ ಎಳೆತ ತಡೆ ಎರಡೂ ಸರಿಸಮ ಆಗಿ ವೇಗ ಅಲ್ಲೇ ನಿಲ್ಲುತ್ತದೆ.

ಇದನ್ನು ಡಿಫರೆನ್ಷಿಯಲ್ ಈಕ್ವೇಷನ್ ಅಂತ ಕರೆದರೆ ಹೆದರಿಕೆ. ನಾವು ಹೀಗೆ ಮಾಡಿದೆವು. ನೋಟ್‌ಬುಕ್ಕಿನಲ್ಲಿ ಎರಡು ಕಾಲಂ, ಸಮಯ ಮತ್ತು ವೇಗ. ಒಂದೊಂದು ಸಾಲಿಗೆ 0.1 ಸೆಕೆಂಡ್. ಈಗಿನ ವೇಗದ ವರ್ಗವನ್ನು 9ರ ವರ್ಗ 81ರಿಂದ ಭಾಗಿಸಿ ಒಂದರಿಂದ ಕಳೆದರೆ ಎಷ್ಟು ಎಳೆತ ಉಳಿದಿದೆ ಅಂತ ಗೊತ್ತಾಗುತ್ತದೆ. ಗಾಳಿ ಇಲ್ಲದಿದ್ದರೆ 0.1 ಸೆಕೆಂಡಿಗೆ ವೇಗ 0.98 ಏರುತ್ತದೆ, ಆದ್ದರಿಂದ ಅದನ್ನು 0.98ರಿಂದ ಗುಣಿಸಿ ವೇಗಕ್ಕೆ ಸೇರಿಸಿ ಮುಂದಿನ ಸಾಲಿಗೆ ಹೋಗು. ಮೊದಲು 0.98, ಆಮೇಲೆ 1.95, 2.88, 3.76. ಒಂದು ಸೆಕೆಂಡಿಗೆ 7.36, ಎರಡು ಸೆಕೆಂಡಿಗೆ 8.84. ಇಪ್ಪತ್ತೇ ಸಾಲು. ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಟ್ಟರೆ ಮೊದಲು ನೇರ ಏರಿ, ಆಮೇಲೆ ಬಾಗಿ ಮಲಗುವ ಗೆರೆ ಬಂತು. ಮೇಷ್ಟ್ರ ಜಗಲಿ ನೆನಪಾಯಿತು.

ನಾನು ಇಲ್ಲೊಂದು ತಪ್ಪು ಹೇಳಿದ್ದೆ. ಎಲ್ಲ ಹನಿಗೂ 9 ಮೀಟರೇ ಅಂದಿದ್ದೆ. ಅವಳು ಅಂಗಳ ನೋಡಿ, "ಜಿಟಿಜಿಟಿ ಮಳೆ ಹಂಗೆ ಬೀಳದಿಲ್ಲ ಅಪ್ಪ, ತೇಲಿಕೊಂಡು ಬರ್ತದೆ" ಅಂದಳು. ಹೌದು. 1 ಮಿಲಿಮೀಟರಿನ ಹನಿ ಸೆಕೆಂಡಿಗೆ ಸುಮಾರು 4 ಮೀಟರ್ ಅಷ್ಟೇ. 9 ಆಗಬೇಕಾದರೆ 5 ಮಿಲಿಮೀಟರ್ ಹತ್ತಿರ ದಪ್ಪ ಬೇಕು. ತೂಕ ಅಗಲದ ಘನದಂತೆ ಏರುತ್ತದೆ, ತಡೆ ವರ್ಗದಂತೆ ಏರುತ್ತದೆ, ದೊಡ್ಡದು ಗೆಲ್ಲುತ್ತದೆ. ಇದನ್ನೂ ಅವಳೇ ಹೇಳಿದಳು. ಏಪ್ರಿಲಿನಲ್ಲಿ ಆಪ್ಷನ್ ಕೇಳಿದ್ದ ಹುಡುಗಿ.

ಸಂಪಾದಕರೇ, ಎಲ್ಲ ಮಕ್ಕಳ ಮನೆಯಲ್ಲೂ ಫೇಲಾದ ಬಿಎಸ್ಸಿ ಅಪ್ಪ ಇರುವುದಿಲ್ಲ. ಹೊಸನಗರದ, ಸಾಗರದ, ಕೊಪ್ಪದ ಹಳ್ಳಿಗಳಿಂದ ಬರುವ ಎಷ್ಟೋ ಮಕ್ಕಳು ಮನೆಯಲ್ಲಿ ಡಿಗ್ರಿ ಓದುವ ಮೊದಲನೆಯವರು. 2021ರಲ್ಲಿ ನಾಲ್ಕು ವರ್ಷದ ಡಿಗ್ರಿ ಅಂದರು, 2024ರಲ್ಲಿ ಮತ್ತೆ ಮೂರು ವರ್ಷ ಅಂದರು. ಈ ಗಡಿಬಿಡಿಯಲ್ಲಿ ಮೊದಲ ದಿನ ಮಗುವಿಗೆ ಏನು ಗೊತ್ತಿರಬೇಕು ಅಂತ ಕಾಲೇಜುಗಳು ಒಂದು ಹಾಳೆಯಲ್ಲಿ ಬರೆದು ಕೊಡುವುದಿಲ್ಲ. ಅಡ್ಮಿಷನ್ ಫಾರಂ ಜೊತೆಗೇ ಅಂಥ ಒಂದು ಹಾಳೆ ಕೊಟ್ಟರೆ ಖರ್ಚು ಎಷ್ಟು? ಒಂದು ಜೆರಾಕ್ಸ್. ತರಗತಿ ಶುರುವಾಗುವ ಮುಂಚೆ ಒಂದು ವಾರ ಲ್ಯಾಬ್ ಬಾಗಿಲು ತೆಗೆದಿಟ್ಟರೂ ಸಾಕು. ಮಕ್ಕಳು ಬಂದು ವರ್ನಿಯರ್ ಹಿಡಿಯಲಿ, ಗ್ರಾಫ್ ಎಳೆಯಲಿ. ಪಿಯುಸಿಯಲ್ಲಿ ಪ್ರಾಕ್ಟಿಕಲ್ಲಿಗೆ 30 ಅಂಕ ಇದೆ, ಆದರೆ ರೀಡಿಂಗ್ ಹೊಂದಿಸಿ ಬರೆದವರೇ ಎಷ್ಟು ಜನ ಅಂತ ಲೆಕ್ಚರರುಗಳಿಗೇ ಗೊತ್ತು. ನಿಮ್ಮ ಪತ್ರಿಕೆ ಮುಂದಿನ ವರ್ಷ 'ಮುಂದೇನು' ಪುಟ ಮಾಡುವಾಗ ಡಿಗ್ರಿ ಕಾಲೇಜಿನಲ್ಲಿ ಮೊದಲ ವರ್ಷಕ್ಕೆ ಪಾಠ ಮಾಡುವ ಒಬ್ಬರನ್ನು ಕೇಳಿ ಅರ್ಧ ಪುಟ ಬರೆಸಿ.

ನನ್ನ ಕಡೆಯಿಂದ ಆಗುವುದು ಇಷ್ಟು. ನನ್ನ ಅಂಗಡಿಯಲ್ಲಿ ಒಂದು ಮೈಕ್ರೋಮೀಟರ್ ಇದೆ, ಲ್ಯಾಬಿನಲ್ಲಿ ಸ್ಕ್ರೂ ಗೇಜ್ ಅನ್ನುವುದು ಅದನ್ನೇ. ತಾಮ್ರದ ತಂತಿ ಅಳೆಯಲು ದಿನಾ ಬೇಕು. 21 ಗೇಜ್ ತಂತಿ 0.813 ಮಿಲಿಮೀಟರ್, 22 ಗೇಜ್ 0.711. ಕಣ್ಣಿಗೆ ಎರಡೂ ಒಂದೇ. 21 ಇರಬೇಕಾದ ಮೋಟಾರಿಗೆ 22 ಸುತ್ತಿದರೆ ತಂತಿಯ ರೆಸಿಸ್ಟೆನ್ಸ್ ನೂರಕ್ಕೆ ಮೂವತ್ತು ಜಾಸ್ತಿ. ಅಷ್ಟೇ ಕರೆಂಟಿಗೆ ಬಿಸಿಯೂ ಅಷ್ಟೇ ಜಾಸ್ತಿ. ಫೆಬ್ರವರಿಯ ಬಿಸಿಲಿಗೆ ತೋಟದ ಪಂಪು ಸುಟ್ಟು ಮತ್ತೆ ನನ್ನ ಹತ್ತಿರವೇ ಬರುತ್ತದೆ, ಬೈಗುಳ ಸಮೇತ. ಕೆಲಸ ಕಲಿಯುವಾಗ ಒಮ್ಮೆ ಎನಾಮಲ್ ಕೆರೆಯದೆ ಅಳೆದು ಹೀಗೇ ಮಾಡಿದ್ದೆ. ಮೇಲಿನ ಲೇಪನವೇ ಐದಾರು ಪಾಯಿಂಟ್, ಅಂದರೆ 0.05-0.06 ಮಿಲಿಮೀಟರ್ ಜಾಸ್ತಿ ತೋರಿಸಿತ್ತು.

ಬಿಎಸ್ಸಿ ಸೇರುವ ಯಾವ ಮಗುವಾದರೂ ಬಂದು ಅದನ್ನು ಹಿಡಿದು ನೋಡಬಹುದು. ತಂತಿಯ ಚೂರು ಬೇಕಾದಷ್ಟು ಇವೆ, ಹಳೆ ಬೇರಿಂಗೂ ಇವೆ. ಮೈಕ್ರೋಮೀಟರಿಗೆ 0.02 ಮಿಲಿಮೀಟರ್ ಝೀರೋ ಎರರ್ ಇದೆ, ಅಂದರೆ ಏನೂ ಹಿಡಿಯದೆ ಮುಚ್ಚಿದರೂ ಸೊನ್ನೆ ತೋರಿಸುವುದಿಲ್ಲ, ಪ್ಲಸ್ಸೋ ಮೈನಸ್ಸೋ ಅಂತ ನಾನು ಹೇಳುವುದಿಲ್ಲ. ಸಂಜೆ ಐದರ ಮೇಲೆ ಬನ್ನಿ. ಗ್ರಾಫ್ ಹಾಳೆ, ಪೆನ್ಸಿಲ್ ನೀವೇ ತನ್ನಿ.

ಇಂತಿ,
ಮೋಟಾರ್ ರಿವೈಂಡಿಂಗ್ ಅಂಗಡಿಯವ,
ತೀರ್ಥಹಳ್ಳಿ